ಒಂದು ಗೇಣು, ನಾಲ್ಕು ಬೆರಳು: ಜಪಾನಿನ 63 ಮಾದರಿ ಲೋಕಲ್ ರೈಲಿನ ಪ್ರಕರಣ

ಗೋಡೆಯ ಮೇಲೆ ನಿಮ್ಮ ಕೈಯಿಂದ ಒಂದು ಗೇಣು ಅಳೆಯಿರಿ. ಅದರ ಮೇಲೆ ಇನ್ನು ನಾಲ್ಕು ಬೆರಳು ಇಡಿ. ಹೆಚ್ಚುಕಡಿಮೆ 29 ಸೆಂಟಿಮೀಟರ್ ಆಗುತ್ತದೆ. 1951ರ ಏಪ್ರಿಲ್ 24ರ ಮಧ್ಯಾಹ್ನ, ಯೋಕೊಹಾಮಾ ನಗರದ ಸಕುರಾಗಿಚೋ ಸ್ಟೇಷನ್ನಿನಲ್ಲಿ ಹೊತ್ತಿ ಉರಿಯುತ್ತಿದ್ದ ಲೋಕಲ್ ರೈಲಿನ ಕಿಟಕಿ ತೆರೆಯುತ್ತಿದ್ದದ್ದು ಅಷ್ಟೇ ಎತ್ತರ. ಅಷ್ಟರಲ್ಲಿ ದೊಡ್ಡವರು ತೂರಿ ಹೊರಗೆ ಬರುವುದು ಬಹಳ ಕಷ್ಟ. ಆ ದಿನ 106 ಜನ ಸತ್ತರು, 92 ಜನ ಗಾಯಗೊಂಡರು.

ಬಾಗಿಲುಗಳು ಅವರ ಕಣ್ಣೆದುರಿಗೇ ಇದ್ದವು. ಒಂದೊಂದು ಬದಿಗೆ ನಾಲ್ಕು. ಆ ಬಾಗಿಲನ್ನು ಕೈಯಿಂದ ಸರಿಸಿ ತೆಗೆಯಲು ಬೇಕಾದ ಕಾಕ್, ಅಂದರೆ ಒತ್ತಿದ ಗಾಳಿಯನ್ನು ಹೊರಬಿಡುವ ತಿರುಗುಹಿಡಿ ಕೂಡ ಬೋಗಿಯೊಳಗೆ, ಸೀಟಿನ ಕೆಳಗಡೆಯೇ ಇತ್ತು. ಅದು ಅಲ್ಲಿದೆ ಅಂತ ಪ್ರಯಾಣಿಕರಿಗೆ ಯಾರೂ ಹೇಳಿರಲಿಲ್ಲ.

ಈ ರೈಲಿನ ಹೆಸರು 63 ಮಾದರಿ. ಜಪಾನಿನವರು ಇದನ್ನು ‘ರೊಕುಸಾನ್’ ಅಂತ ಕರೆಯುತ್ತಿದ್ದರು. ರೊಕು ಅಂದರೆ ಆರು, ಸಾನ್ ಅಂದರೆ ಮೂರು. ಯುದ್ಧದ ಕೊನೆಯಲ್ಲಿ ಹುಟ್ಟಿ, ಸೋತ ದೇಶದ ಜನರನ್ನು ಹೊತ್ತು ತಿರುಗಿ, ಒಂದು ಘೋರ ದುರಂತದಲ್ಲಿ ಹೆಸರು ಕೆಡಿಸಿಕೊಂಡ ರೈಲು ಇದು. ಇವತ್ತು ಟೋಕಿಯೊದಲ್ಲಿ ಓಡುವ ಲೋಕಲ್ ರೈಲುಗಳ ಅಳತೆ ಮತ್ತು ಬಾಗಿಲ ಲೆಕ್ಕವೂ ಇದರಿಂದಲೇ ಬಂದದ್ದು. ಆ ಮಧ್ಯಾಹ್ನ ನಿಜವಾಗಿ ಏನು ತಪ್ಪಿತು, ಆಮೇಲೆ ಯಾವುದನ್ನು ಸರಿಮಾಡಿದರು, ಸರಿಮಾಡಿದ್ದರಲ್ಲೂ ಏನು ಬಾಕಿ ಉಳಿಯಿತು ಅನ್ನುವುದನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಇಲ್ಲದ ಕಾಲದ ರೈಲು

63 ಮಾದರಿ ಬಂದದ್ದು 1944ರಲ್ಲಿ. ಜಪಾನ್ ಯುದ್ಧದಲ್ಲಿ ಸೋಲುತ್ತಿದ್ದ ಕಾಲ. ಕಬ್ಬಿಣ ಇಲ್ಲ, ತಾಮ್ರ ಇಲ್ಲ, ಗಾಜು ಇಲ್ಲ, ಕೆಲಸ ಬಲ್ಲವರೂ ಕಡಿಮೆ. ಆದರೆ ಕಾರ್ಖಾನೆಗಳಿಗೆ ಹೋಗುವ ಜನ ಮಾತ್ರ ದಿನದಿನಕ್ಕೆ ಜಾಸ್ತಿ. ಅವರನ್ನು ಹೇಗಾದರೂ ಸಾಗಿಸಬೇಕಿತ್ತು.

ಅದಕ್ಕೆ ರೈಲ್ವೆಯ ಎಂಜಿನಿಯರುಗಳು ಹೊಸ ಬೋಗಿಯ ನಕ್ಷೆ ಹಾಕಿದರು. ಉದ್ದ 20 ಮೀಟರ್. ಹಿಂದಿನ 20 ಮೀಟರ್ ಲೋಕಲ್ ಬೋಗಿಗಳಿಗೆ ಬದಿಗೆ ಮೂರು ಬಾಗಿಲು ಇದ್ದರೆ ಇದಕ್ಕೆ ನಾಲ್ಕು. ಒಂದೊಂದು ಬಾಗಿಲು ಒಂದು ಮೀಟರ್ ಅಗಲ. ಸೀಟು ಕಡಿಮೆ, ನಿಲ್ಲುವ ಜಾಗ ಜಾಸ್ತಿ. ಬೇಗ ಹತ್ತಬೇಕು, ಬೇಗ ಇಳಿಯಬೇಕು, ಅಷ್ಟೇ. ಈ ಒಂದು ವಿಚಾರದಲ್ಲಿ ಅವರು ಎಷ್ಟು ದೂರ ನೋಡಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ಈ ಲೆಕ್ಕ ಜಪಾನಿನಲ್ಲಿ ಇನ್ನೂ ನಡೆಯುತ್ತಿದೆ.

ಉಳಿದದ್ದೆಲ್ಲ ಉಳಿತಾಯ. ಬೋಗಿಯ ಎರಡೂ ತುದಿಗಳನ್ನು ದುಂಡಗೆ ಬಾಗಿಸುವ ಗೋಜಿಗೆ ಹೋಗದೆ ಚಾಕುವಿನಿಂದ ಕತ್ತರಿಸಿದ ಹಾಗೆ ಚಪ್ಪಟೆ ಬಿಟ್ಟರು. ಚಾವಣಿ ಮರದ್ದು. ಶುರುವಿನ ಬೋಗಿಗಳಲ್ಲಿ ಒಳಗಡೆ ತಲೆ ಎತ್ತಿ ನೋಡಿದರೆ ಸೀಲಿಂಗ್ ಹಲಗೆ ಕೂಡ ಇರಲಿಲ್ಲ. ಪಕ್ಕೆಲುಬಿನ ಹಾಗೆ ಕಮಾನುಗಳು ಕಾಣುತ್ತಿದ್ದವು. ಬಲ್ಬಿಗೆ ಮೇಲ್ಹೊದಿಕೆ ಇಲ್ಲ. ಸೀಟಿಗೆ ಮೆತ್ತೆ ಇಲ್ಲ, ಬರೀ ಹಲಗೆ. ವೈರುಗಳ ಹೊದಿಕೆಯೂ ಕಳಪೆ.

ಕಿಟಕಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡ ಗಾಜು ಸಿಗುತ್ತಿರಲಿಲ್ಲ. ಸಿಕ್ಕರೂ ಒಡೆದರೆ ಬದಲಾಯಿಸಲು ಇನ್ನೊಂದು ಇಲ್ಲ. ಹಾಗಾಗಿ ಕಿಟಕಿಯನ್ನು ಮೇಲಿಂದ ಕೆಳಕ್ಕೆ ಮೂರು ಅಂಕಣ ಮಾಡಿದರು. ಮೂರಕ್ಕೂ ಚಿಕ್ಕ ಗಾಜು ಸಾಕು. ನಡುವಿನದನ್ನು ಅಲ್ಲಾಡದ ಹಾಗೆ ಕೂರಿಸಿದರು. ಮೇಲಿನದು ಮತ್ತು ಕೆಳಗಿನದು ಮಾತ್ರ ತೆರೆಯುತ್ತಿದ್ದವು. ಕಿಕ್ಕಿರಿದ ಬೋಗಿಯಲ್ಲಿ ಮೇಲಿಂದಲೂ ಕೆಳಗಿಂದಲೂ ಗಾಳಿ ಆಡುತ್ತದೆ, ಒಳ್ಳೆಯದೇ ಅಲ್ವಾ? ಗಾಜೂ ಉಳಿಯಿತು, ಗಾಳಿಯೂ ಬಂತು. ಆ ಮೇಜಿನ ಮುಂದೆ ಕೂತು ಯೋಚಿಸಿದರೆ ಇದರಲ್ಲಿ ತಪ್ಪು ಕಾಣುವುದು ಕಷ್ಟ. ನಡುವೆ ಅಡ್ಡಪಟ್ಟಿ, ಅಲ್ಲಾಡದ ಗಾಜು, ಮೇಲೆ 29 ಸೆಂಟಿಮೀಟರ್, ಕೆಳಗೆ 29 ಸೆಂಟಿಮೀಟರ್. ಒಬ್ಬ ಮನುಷ್ಯ ಇದರಿಂದ ಹೊರಗೆ ಬರಬೇಕಾದೀತು ಅಂತ ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಯುದ್ಧ ಮುಗಿಯುವ ಮುಂಚೆ ಈ ಬೋಗಿಗಳು ತಯಾರಾದದ್ದು ಬೆರಳೆಣಿಕೆಯಷ್ಟು. ಕೆಲವಕ್ಕೆ ಮೋಟಾರೇ ಸಿಗದೆ, ಹೆಸರಿಗೆ ಮೋಟಾರ್ ಬೋಗಿಯಾಗಿದ್ದರೂ ಇನ್ನೊಂದು ಬೋಗಿ ಎಳೆದುಕೊಂಡು ಹೋಗಬೇಕಿತ್ತು. ನಿಜವಾದ ತಯಾರಿಕೆ ಶುರುವಾದದ್ದು ಸೋತ ಮೇಲೆ. ಬಾಂಬಿಗೆ ಸುಟ್ಟುಹೋದ ರೈಲುಗಳ ಜಾಗ ತುಂಬಬೇಕಿತ್ತು. ನಗರದಲ್ಲಿ ಅನ್ನ ಇರಲಿಲ್ಲ. ಜನ ಮೂಟೆ ಕಟ್ಟಿಕೊಂಡು ಹಳ್ಳಿಗೆ ಹೋಗಿ, ಮನೆಯ ಬಟ್ಟೆಬರೆ ಕೊಟ್ಟು ಅಕ್ಕಿ, ಗೆಣಸು ತರುತ್ತಿದ್ದರು. ಆ ಮೂಟೆ, ಆ ಜನ, ಬಾಗಿಲಿಗೆ ಜೋತುಬಿದ್ದವರು ಎಲ್ಲರನ್ನೂ ಹೊತ್ತ ರೈಲುಗಳಲ್ಲಿ ಈ ರೊಕುಸಾನ್ ಮುಖ್ಯವಾದದ್ದು. ಈ ಮಾತನ್ನು ಮರೆತು ಇದನ್ನು ಬರೀ ಕೊಲೆಗಾರ ರೈಲು ಅನ್ನುವುದು ನ್ಯಾಯವಲ್ಲ ಅಂತ ನನಗೆ ಅನಿಸುತ್ತದೆ.

ಸರ್ಕಾರಿ ರೈಲ್ವೆಗೆ ಮಾತ್ರವಲ್ಲ, ಖಾಸಗಿ ಕಂಪನಿಗಳಿಗೂ ಇವೇ ಬೋಗಿಗಳನ್ನು ಹಂಚಿದರು. ತೋಬು, ಓದಾಕ್ಯೂ, ಮೇತೆತ್ಸು, ನಾಂಕಾಯ್, ಸಾನ್ಯೋ. ಹೊಸದು ಪಡೆದವರು ತಮ್ಮ ಹಳೆಯ ಚಿಕ್ಕ ಬೋಗಿಗಳನ್ನು ಇನ್ನೂ ಬಡ ಕಂಪನಿಗಳಿಗೆ ಕೊಡಬೇಕು ಅನ್ನುವುದು ಷರತ್ತು. ಮೇತೆತ್ಸು ಹಳಿಗಳಿಗೆ ಈ ದೊಡ್ಡ ಬೋಗಿ ಹೊಂದಲಿಲ್ಲ, ಅವು ಬೇಗನೆ ತೋಬು ಮತ್ತು ಓದಾಕ್ಯೂ ಪಾಲಾದವು. ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಯುದ್ಧ ನಿಂತ ಮೇಲೆ ವಿಮಾನಕ್ಕೆಂದು ಇಟ್ಟಿದ್ದ ಡ್ಯುರಾಲುಮಿನ್ ಲೋಹ ರಾಶಿ ಬಿದ್ದಿತ್ತು. ಅದರಿಂದ ಆರು ಬೋಗಿ ಮಾಡಿದರು. ವಿಮಾನವಾಗಬೇಕಿದ್ದ ತಗಡು ಆಫೀಸಿಗೆ ಹೋಗುವವರ ರೈಲಾಯಿತು. ಅದು ಬೇಗ ಸವೆದು ಹಾಳಾಯಿತು, ಆಮೇಲೆ ಅವಕ್ಕೆ ಬೇರೆ ಮೈ ಕೂರಿಸಬೇಕಾಯಿತು.

ಈ ಬೋಗಿಗಳ ಮೇಲೆ ಬರೆಯುತ್ತಿದ್ದ ಹೆಸರು ‘ಮೋಹಾ 63’. ಮೋ ಅಂದರೆ ಮೋಟಾರ್. ಹಾ ಅಂದರೆ ಮೂರನೇ ದರ್ಜೆ. ನಮ್ಮ ಅ ಆ ಇ ಇದ್ದ ಹಾಗೆ ಜಪಾನಿನ ಹಳೆಯ ಅಕ್ಷರಮಾಲೆ ‘ಇ, ರೋ, ಹಾ’ ಅಂತ ಶುರುವಾಗುತ್ತದೆ. ಹಾಗಾಗಿ ಮೂರನೆಯದು ಹಾ. ಮೋಟಾರ್ ಇಲ್ಲದ ನಡುವಿನ ಬೋಗಿ ‘ಸಾಹಾ 78’.

ಆ ಮಧ್ಯಾಹ್ನ

ಸಕುರಾಗಿಚೋ ಅಂದರೆ ಚೆರ್ರಿ ಮರದ ಬೀದಿ. 1872ರಲ್ಲಿ ಜಪಾನಿನ ಮೊಟ್ಟಮೊದಲ ರೈಲು ಮಾರ್ಗ ಟೋಕಿಯೊದ ಶಿಂಬಾಶಿಯಿಂದ ಯೋಕೊಹಾಮಾಕ್ಕೆ ಶುರುವಾದಾಗ ಆ ‘ಯೋಕೊಹಾಮಾ’ ಸ್ಟೇಷನ್ ಇದ್ದದ್ದು ಇದೇ ಜಾಗದಲ್ಲಿ. 1951ರಲ್ಲಿ ಇದು ಕೇಹಿನ್ ಮಾರ್ಗದ ಕೊನೆಯ ಸ್ಟೇಷನ್.

ಅವತ್ತು ಸ್ಟೇಷನ್ನಿನ ಹತ್ತಿರ ಕೆಲಸಗಾರರು ಹಳಿಯ ಮೇಲಿನ ವಿದ್ಯುತ್ ತಂತಿಯ ಪಿಂಗಾಣಿ ಇನ್ಸುಲೇಟರುಗಳನ್ನು ಬದಲಾಯಿಸುತ್ತಿದ್ದರು. ತಂತಿಯಲ್ಲಿ ಕರೆಂಟ್ ಇದ್ದಾಗಲೇ ನಡೆಯುತ್ತಿದ್ದ ಕೆಲಸ. ಒಬ್ಬರ ಕೈಯಲ್ಲಿದ್ದ ಸ್ಪ್ಯಾನರ್ ತಾಗಬಾರದ ಕಡೆ ತಾಗಿತು. ಶಾರ್ಟ್ ಆಯಿತು. ಟೋಕಿಯೊ ಕಡೆಗೆ ಹೋಗುವ ಹಳಿಯ ಮೇಲಿನ ತಂತಿ ಕರಗಿ, ಕಡಿದು, ಜೋತುಬಿತ್ತು. ಆ ಹಳಿಗೆ ರೈಲು ಬಿಡಬಾರದು ಅನ್ನುವ ಮಾತು ಸಿಗ್ನಲ್ ನೋಡಿಕೊಳ್ಳುವವರಿಗೆ ಸರಿಯಾಗಿ ಮುಟ್ಟಲಿಲ್ಲ.

ಮಧ್ಯಾಹ್ನ 1 ಗಂಟೆ 40 ನಿಮಿಷದ ಆಸುಪಾಸು. ಐದು ಬೋಗಿಯ ರೈಲು ಬಂತು. ಪಾಯಿಂಟಿನ ಮೇಲೆ ನಿಧಾನವಾಗಿ ಪಕ್ಕದ ಹಳಿಗೆ ದಾಟುತ್ತಿತ್ತು. ಮೊದಲ ಬೋಗಿಯ ಪ್ಯಾಂಟೋಗ್ರಾಫ್, ಅಂದರೆ ಚಾವಣಿಯ ಮೇಲಿಂದ ತಂತಿಗೆ ತಾಗಿ ಕರೆಂಟ್ ಪಡೆಯುವ ಚೌಕಟ್ಟು, ಜೋತುಬಿದ್ದ ತಂತಿಗೆ ಸಿಕ್ಕಿಕೊಂಡಿತು. ಮುರಿದು ಪಕ್ಕಕ್ಕೆ ವಾಲಿ ಚಾವಣಿಗೆ ಬಡಿಯಿತು. 1500 ವೋಲ್ಟಿನ ಕರೆಂಟ್ ಬೋಗಿಯ ಮೈಗೆ ಹರಿಯಿತು. ಕಿಡಿ ಸಿಡಿದು ಮರದ ಚಾವಣಿ ಹೊತ್ತಿತು. ಪ್ಲೈವುಡ್ಡು, ಬಣ್ಣ, ಹಲಗೆ, ಎಲ್ಲವೂ ಸೌದೆಯೇ. ಮೊದಲ ಬೋಗಿ, ಮೋಹಾ 63756, ಪೂರ್ತಿ ಸುಟ್ಟುಹೋಯಿತು. ಎರಡನೆಯದು ಅರ್ಧ. ಇಷ್ಟಾಗಲು ಹಿಡಿದದ್ದು ಸುಮಾರು ಹತ್ತು ನಿಮಿಷ.

ಕರೆಂಟ್ ತಾನಾಗಿ ನಿಲ್ಲಬೇಕಿತ್ತಲ್ವಾ? ಅರ್ಧ ನಿಂತಿತು. ಆ ತಂತಿಗೆ ಎರಡು ಕಡೆಯಿಂದ ಕರೆಂಟ್ ಬರುತ್ತಿತ್ತು. ಹತ್ತಿರದ ಯೋಕೊಹಾಮಾ ಸಬ್‌ಸ್ಟೇಷನ್ನಿನ ಬ್ರೇಕರ್ ಟ್ರಿಪ್ ಆಯಿತು. ದೂರದ ತ್ಸುರುಮಿ ಸಬ್‌ಸ್ಟೇಷನ್ನಿನದು ಆಗಲಿಲ್ಲ. ನೇರ ವಿದ್ಯುತ್ತಿನ (ಡಿ.ಸಿ.) ರೈಲು ಮಾರ್ಗಗಳಲ್ಲಿ ಇದು ಹಳೆಯ ಪೀಡೆ. ದೂರದಲ್ಲಿ ಶಾರ್ಟ್ ಆದಾಗ ಉದ್ದದ ತಂತಿಯ ತಡೆಯಿಂದ ಕರೆಂಟ್ ತಗ್ಗುತ್ತದೆ. ಅಲ್ಲಿ ಕೂತ ಯಂತ್ರಕ್ಕೆ ಅದು ನಾಲ್ಕಾರು ರೈಲು ಒಟ್ಟಿಗೆ ಹೊರಟ ಹಾಗೆ ಕಾಣಬಹುದು. ಅಪಘಾತ ಯಾವುದು, ಬೆಳಗಿನ ದಟ್ಟಣೆ ಯಾವುದು ಅಂತ ಅದಕ್ಕೆ ತಿಳಿಯುವುದಿಲ್ಲ. ಹೀಗೆ ಸುಮಾರು ಐದು ನಿಮಿಷ ಉರಿಯುವ ಬೋಗಿಗೆ ಕರೆಂಟ್ ಹರಿಯುತ್ತಲೇ ಇತ್ತು.

ಈಗ ಒಳಗಿದ್ದವರ ಕಡೆ ನೋಡೋಣ. ಬಾಗಿಲು ಗಾಳಿಯ ಒತ್ತಡದಿಂದ ನಡೆಯುವಂಥದ್ದು. ಗಾರ್ಡ್ ಸ್ವಿಚ್ ಒತ್ತಿದರೆ ವಾಲ್ವ್ ತಿರುಗಿ, ಒತ್ತಿದ ಗಾಳಿ ಬಾಗಿಲನ್ನು ಸರಿಸುತ್ತದೆ. ವಿದ್ಯುತ್ ವ್ಯವಸ್ಥೆಯೇ ಸುಟ್ಟಮೇಲೆ ಸ್ವಿಚ್ಚಿಗೆ ಅರ್ಥವಿಲ್ಲ. ಆದರೆ ಕೊಳವೆಯಲ್ಲಿ ಗಾಳಿ ಇರುವವರೆಗೆ ಬಾಗಿಲು ಬಿಗಿಯಾಗಿ ಮುಚ್ಚಿಯೇ ಇರುತ್ತದೆ. ನಾಲ್ಕು ಗಟ್ಟಿ ಆಳು ಎಳೆದರೂ ಕದಲುವುದಿಲ್ಲ. ಕಾಕ್ ತಿರುಗಿಸಿದರೆ ಆ ಗಾಳಿ ಸುಸ್ ಅಂತ ಹೊರಗೆ ಹೋಗುತ್ತದೆ. ಆಮೇಲೆ ಒಂದು ಮಗು ಕೂಡ ಬಾಗಿಲು ಸರಿಸಬಹುದು. ಒಳಗೆ ಸೀಟಿನ ಕೆಳಗೆ ಒಂದು, ಹೊರಗೆ ಬೋಗಿಯ ಅಡಿಯಲ್ಲಿ ಒಂದು ಕಾಕ್ ಇತ್ತು. ಒಳಗಿನವರಿಗೆ ಗೊತ್ತಿರಲಿಲ್ಲ. ಹೊರಗಿನಿಂದ ಸಮಯಕ್ಕೆ ಸರಿಯಾಗಿ ತೆರೆಯಲಿಲ್ಲ.

ಪಕ್ಕದ ಬೋಗಿಗೆ ಓಡಬಹುದಿತ್ತೇ? ಬೋಗಿಯ ತುದಿಯಲ್ಲಿ ಒಂದು ಬಾಗಿಲು ಇತ್ತು. ಅದು ಒಳಕ್ಕೆ ತೆರೆಯುವ ಬಾಗಿಲು. ಹೆದರಿದ ಜನ ಒಟ್ಟಿಗೆ ಅದರ ಮೇಲೆ ಬಿದ್ದರೆ ಅದನ್ನು ಒಳಕ್ಕೆ ಎಳೆಯಲು ಜಾಗವೇ ಇರುವುದಿಲ್ಲ. ತೆರೆದರೂ ಆಚೆ ಕಡೆ ದಾಟಲು ಮುಚ್ಚಿಗೆ ಇರುವ ಸೇತುವೆ ಇರಲಿಲ್ಲ. ಉಳಿದದ್ದು ಕಿಟಕಿ. ಕಿಟಕಿಯ ಲೆಕ್ಕ ಮೊದಲೇ ಹೇಳಿದ್ದೇನೆ.

ಯಾರ ತಪ್ಪು

ಇಂಥ ಪ್ರಕರಣ ಓದುವಾಗ ನಾವೆಲ್ಲ ಮೊದಲು ಹುಡುಕುವುದು ಒಬ್ಬ ಮನುಷ್ಯನನ್ನು. ಸ್ಪ್ಯಾನರ್ ಹಿಡಿದವನು. ಸಿಗ್ನಲ್ ಕೊಟ್ಟವನು. ಡ್ರೈವರ್. ಆಗಲೂ ಅಲ್ಲಿ ಸಿಬ್ಬಂದಿಯ ಮೇಲೆ ಕೇಸ್ ಆಯಿತು, ಶಿಕ್ಷೆಯೂ ಆಯಿತು. ಆದರೆ ತಂತಿ ಕಡಿದು ಬೀಳುವುದು ಎಲ್ಲ ರೈಲ್ವೆಗಳಲ್ಲೂ ಆಗುವ ಸಂಗತಿ. ತಂತಿ ಕಡಿದರೆ ನೂರಾರು ಜನ ಸಾಯಬೇಕಾಗಿಲ್ಲ. ಸಾಯುವ ಹಾಗೆ ಆದದ್ದು ರೈಲು ಹಾಗಿದ್ದದ್ದರಿಂದ.

ಮರದ ಚಾವಣಿ, ಕಳಪೆ ಇನ್ಸುಲೇಷನ್, ಮೂರು ಅಂಕಣದ ಕಿಟಕಿ, ಒಳಕ್ಕೆ ತೆರೆಯುವ ತುದಿ ಬಾಗಿಲು. ಒಂದೊಂದಕ್ಕೂ 1944ರಲ್ಲಿ ಕಾರಣ ಇತ್ತು. ಕಾರಣ ಸುಳ್ಳೂ ಆಗಿರಲಿಲ್ಲ. ಆದರೆ ಯುದ್ಧ ಮುಗಿದು ಆರು ವರ್ಷವಾಗುತ್ತ ಬಂದಿತ್ತು. ತಾತ್ಕಾಲಿಕ ಅಂತ ಮಾಡಿದ್ದು ಹಾಗೇ ಉಳಿದಿತ್ತು. ಮನೆಯಲ್ಲಿ ಮುರಿದ ಚಿಲಕಕ್ಕೆ ಒಂದು ದಾರ ಕಟ್ಟಿ ‘ಆಮೇಲೆ ಸರಿಮಾಡೋಣ’ ಅಂದುಕೊಂಡರೆ, ಆ ದಾರವೇ ಹತ್ತು ವರ್ಷ ಇರುತ್ತದಲ್ಲ, ಹಾಗೆ. ದುಡ್ಡೂ ಇರಲಿಲ್ಲ ಅನ್ನುವುದು ನಿಜ. ದೇಶ ಇನ್ನೂ ಮಿತ್ರಪಡೆಗಳ ಆಡಳಿತದಲ್ಲಿತ್ತು. 1949ರಲ್ಲಷ್ಟೇ ನಿಗಮವಾಗಿದ್ದ ಜಪಾನ್ ರಾಷ್ಟ್ರೀಯ ರೈಲ್ವೆಗೆ ಹಳೆಯ ಬೋಗಿ ಸರಿಮಾಡುವುದಕ್ಕಿಂತ ಇರುವ ಬೋಗಿ ಓಡಿಸುವುದೇ ದೊಡ್ಡ ಕೆಲಸವಾಗಿತ್ತು.

ಇಷ್ಟನ್ನೂ ಒಪ್ಪಿಕೊಂಡರೂ ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕಬ್ಬಿಣದ ಚಾವಣಿಗೆ ಕಬ್ಬಿಣ ಬೇಕು. ದೊಡ್ಡ ಕಿಟಕಿಗೆ ಗಾಜು ಬೇಕು. ‘ಕಾಕ್ ಇಲ್ಲಿದೆ, ಹೀಗೆ ತಿರುಗಿಸಿ’ ಅಂತ ಬರೆಯಲು ಒಂದು ಡಬ್ಬಿ ಬಣ್ಣ ಸಾಕಿತ್ತು. ಬಡತನಕ್ಕೂ ಆ ಒಂದು ಸಾಲಿಗೂ ಸಂಬಂಧವೇ ಇರಲಿಲ್ಲ. ಕಾಕ್ ಅನ್ನು ರೈಲ್ವೆಯವರು ತಮ್ಮ ಸಾಮಾನು ಅಂದುಕೊಂಡಿದ್ದರು. ಪ್ರಯಾಣಿಕರಿಗೆ ಅದರ ಸುದ್ದಿ ಬೇಕಿಲ್ಲ ಅಂದುಕೊಂಡಿದ್ದರು. ಈ ಪ್ರಕರಣದಲ್ಲಿ ನನ್ನನ್ನು ಅತಿಯಾಗಿ ಕಾಡುವುದು ಇದೇ.

ಆಮೇಲೆ ಮಾಡಿದ್ದು

ದುರಂತದ ನಂತರ ಕೆಲಸ ಬಿರುಸಾಗಿ ನಡೆಯಿತು. ಕಾಕ್ ಎಲ್ಲಿದೆ, ಹೇಗೆ ತಿರುಗಿಸಬೇಕು ಅಂತ ಬೋಗಿಯೊಳಗೆ ಬರೆದರು. ನಡುವಿನ ಗಾಜನ್ನೂ ತೆರೆಯುವ ಹಾಗೆ ಮಾಡಿದರು. ಬೋಗಿಯಿಂದ ಬೋಗಿಗೆ ದಾಟಲು ದಾರಿ ಮಾಡಿದರು. ಪ್ಯಾಂಟೋಗ್ರಾಫಿನ ಕೆಳಗೆ ಇನ್ಸುಲೇಷನ್ ಹೆಚ್ಚಿಸಿದರು. ಚಾವಣಿಗೆ ಬೇಗ ಬೆಂಕಿ ಹಿಡಿಯದ ಬಣ್ಣ ಬಳಿದರು. ಆಮೇಲೆ ಒಂದೊಂದೇ ಬೋಗಿಯನ್ನು ವರ್ಕ್‌ಶಾಪಿಗೆ ಒಯ್ದು, ಬಿಚ್ಚಿ, ಪೂರ್ತಿ ಸರಿಮಾಡಿದರು. ಹೊರಗೆ ಬರುವಾಗ ಅವುಗಳ ನಂಬರು ಬದಲಾಗಿತ್ತು. ಮೋಹಾ 72, ಮೋಹಾ 73, ಕುಹಾ 79. ಈ ಗುಂಪನ್ನು ಈಗ 73 ಮಾದರಿ ಅನ್ನುತ್ತಾರೆ. 63 ಅನ್ನುವ ಸಂಖ್ಯೆ ಹಳಿಗಳಿಂದ ಮಾಯವಾಯಿತು. ಆ ಹೆಸರು ಕೇಳಿದರೇ ಜನ ಬೆಚ್ಚುತ್ತಿದ್ದ ಕಾಲ ಅದು.

ದೊಡ್ಡವರ ಕುರ್ಚಿಗಳೂ ಅಲುಗಿದವು. ರಾಷ್ಟ್ರೀಯ ರೈಲ್ವೆಯ ಅಧ್ಯಕ್ಷ ಕಗಾಯಾಮಾ ಯುಕಿಯೊ ಅದೇ ವರ್ಷದ ಆಗಸ್ಟಿನಲ್ಲಿ ಹುದ್ದೆ ಬಿಟ್ಟರು. ಬೋಗಿ ವಿಭಾಗದ ಮುಖ್ಯಸ್ಥರಾಗಿದ್ದ ಶಿಮಾ ಹಿದೇವೊ ಕೂಡ ಹೊಣೆ ಹೊತ್ತು 1951ರಲ್ಲೇ ಹೊರಬಂದರು.

ಶಿಮಾ ಅವರ ಮುಂದಿನ ಕಥೆ ಬಹಳ ಜನರಿಗೆ ಗೊತ್ತು, ಆದರೆ ಅದಕ್ಕೂ ಸಕುರಾಗಿಚೋಗೂ ಇರುವ ನಂಟು ಗೊತ್ತಿರುವವರು ಕಡಿಮೆ. ನಾಲ್ಕು ವರ್ಷ ಅವರು ಒಂದು ಲೋಹದ ಕಂಪನಿಯಲ್ಲಿದ್ದರು. 1955ರಲ್ಲಿ ರೈಲ್ವೆಯ ಹೊಸ ಅಧ್ಯಕ್ಷರಾದ ಸೊಗೋ ಶಿಂಜಿ, ಶಿಮಾ ಅವರನ್ನು ಮುಖ್ಯ ಎಂಜಿನಿಯರ್ ಆಗಿ ಮತ್ತೆ ಕರೆತಂದರು. ಅವರಿಬ್ಬರೂ ಕೂಡಿ ಕಟ್ಟಿದ್ದೇ ಶಿಂಕಾನ್‌ಸೆನ್, ಅಂದರೆ ಬುಲೆಟ್ ರೈಲು. 1964ರ ಅಕ್ಟೋಬರ್ 1ರಂದು ಅದು ಓಡಲು ಶುರುಮಾಡಿತು. ಅದರಲ್ಲಿ ಡ್ರೈವರ್ ಸಿಗ್ನಲ್ ನೋಡಿ ನಿಲ್ಲಿಸಲಿ ಅಂತ ನಂಬಿ ಕೂರಲಿಲ್ಲ. ವೇಗ ಮಿತಿ ಮೀರಿದರೆ ರೈಲು ತಾನೇ ಬ್ರೇಕ್ ಹಾಕಿಕೊಳ್ಳುವ ವ್ಯವಸ್ಥೆ ಮೊದಲ ದಿನದಿಂದಲೇ ಇತ್ತು. 106 ಸಾವಿನ ಭಾರ ಹೊತ್ತು ಒಮ್ಮೆ ಮನೆಗೆ ಹೋಗಿ ಬಂದ ಎಂಜಿನಿಯರ್ ಹೇಗೆ ಯೋಚಿಸಿರಬಹುದು ಅಂತ ನಾನು ಎಷ್ಟೋ ಸಲ ಊಹಿಸಿದ್ದೇನೆ.

ಹನ್ನೊಂದು ವರ್ಷದ ನಂತರ ಅದೇ ಕಾಕ್

ಇಲ್ಲಿಗೆ ಪ್ರಕರಣ ಮುಗಿಯಿತು ಅಂತ ಬಹಳ ಕಡೆ ಬರೆಯುತ್ತಾರೆ. ಮುಗಿದಿಲ್ಲ.

1962ರ ಮೇ 3ರ ರಾತ್ರಿ, ಟೋಕಿಯೊದ ಜೋಬಾನ್ ಮಾರ್ಗದ ಮಿಕಾವಾಶಿಮಾ ಸ್ಟೇಷನ್ನಿನ ಹತ್ತಿರ ಒಂದು ಗೂಡ್ಸ್ ರೈಲು ಕೆಂಪು ಸಿಗ್ನಲ್ ದಾಟಿ ಮುಂದಕ್ಕೆ ಹೋಯಿತು. ಹಳಿ ತಪ್ಪಿ ಪಕ್ಕದ ಹಳಿಯ ಕಡೆಗೆ ವಾಲಿತು. ಟೋಕಿಯೊದಿಂದ ಹೊರಗೆ ಹೋಗುತ್ತಿದ್ದ ಲೋಕಲ್ ರೈಲು ಅದಕ್ಕೆ ಉಜ್ಜಿಕೊಂಡು ತಾನೂ ಹಳಿ ತಪ್ಪಿತು, ಎದುರು ದಿಕ್ಕಿನ ಹಳಿಗೆ ಅಡ್ಡವಾಗಿ ನಿಂತಿತು. ಅಲ್ಲಿಯವರೆಗೆ ಆದ ಗಾಯಗಳು ಅಷ್ಟು ದೊಡ್ಡವಲ್ಲ.

ಬೋಗಿಯೊಳಗೆ ಜನ ಏನು ಮಾಡಿದರು? ಸಕುರಾಗಿಚೋದ ನೆನಪು ಎಲ್ಲರಿಗೂ ಇತ್ತು. ಕಾಕ್ ಎಲ್ಲಿದೆ ಅಂತ ಈಗ ಬರೆದಿತ್ತು. ತಿರುಗಿಸಿದರು. ಬಾಗಿಲು ಸರಿಸಿದರು. ಕತ್ತಲಲ್ಲಿ ಹಳಿಗೆ ಇಳಿದರು. ಮಾರ್ಗ ಅಲ್ಲಿ ಎತ್ತರದ ದಿಬ್ಬದ ಮೇಲಿದೆ. ಬದಿಗೆ ಇಳಿಯಲು ದಾರಿ ಇಲ್ಲದೆ ಹಳಿಯ ಮೇಲೇ ನಡೆಯತೊಡಗಿದರು. ಎದುರಿನಿಂದ ಬರುತ್ತಿದ್ದ ಇನ್ನೊಂದು ಲೋಕಲ್ ರೈಲನ್ನು ಯಾರೂ ನಿಲ್ಲಿಸಲಿಲ್ಲ. ಆರೇಳು ನಿಮಿಷ ಸಮಯ ಇತ್ತು. ಆದರೂ ನಿಲ್ಲಿಸಲಿಲ್ಲ. ಆ ರೈಲು ನಡೆಯುತ್ತಿದ್ದ ಜನರ ಮೇಲೆ ಹರಿದು, ಅಡ್ಡ ನಿಂತಿದ್ದ ಬೋಗಿಗಳಿಗೆ ಗುದ್ದಿತು. 160 ಜನ ಸತ್ತರು.

ಇಲ್ಲಿ ಪ್ರಯಾಣಿಕರನ್ನು ದೂರುವುದು ತಪ್ಪು. ಅವರು ಮಾಡಿದ್ದು 1951ರ ದುರಂತ ಕಲಿಸಿದ್ದನ್ನೇ. ಬಾಗಿಲು ಹೇಗೆ ತೆರೆಯಬೇಕು ಅಂತ ಅವರಿಗೆ ತಿಳಿದಿತ್ತು. ತೆರೆದ ಮೇಲೆ ಹೊರಗಿನ ಹಳಿ ಸುರಕ್ಷಿತವಾಗಿರಬೇಕು ಅನ್ನುವ ಇನ್ನರ್ಧವನ್ನು ರೈಲ್ವೆ ಮಾಡಿರಲಿಲ್ಲ. ಒಂದು ಕಡೆ ಅಪಘಾತವಾದರೆ ಸುತ್ತಲಿನ ಎಲ್ಲ ರೈಲೂ ತಕ್ಷಣ ನಿಲ್ಲಬೇಕು. ಅದಕ್ಕೆ ದಾರಿ ಇರಲಿಲ್ಲ. ಸಕುರಾಗಿಚೋದ ಪಾಠವನ್ನು ಬೋಗಿಯೊಳಗೆ ಮಾತ್ರ ಅಂಟಿಸಿದ್ದರು, ಹಳಿಯವರೆಗೆ ಒಯ್ದಿರಲಿಲ್ಲ.

ಮಿಕಾವಾಶಿಮಾದ ನಂತರ ಕೆಂಪು ಸಿಗ್ನಲ್ ಹತ್ತಿರವಾದಾಗ ಎಚ್ಚರಿಸಿ, ಡ್ರೈವರ್ ಸುಮ್ಮನಿದ್ದರೆ ರೈಲನ್ನು ತಾನೇ ನಿಲ್ಲಿಸುವ ವ್ಯವಸ್ಥೆಯನ್ನು ದೇಶದ ಉದ್ದಗಲಕ್ಕೂ ಹಾಕಿದರು. 1966ರ ಹೊತ್ತಿಗೆ ರಾಷ್ಟ್ರೀಯ ರೈಲ್ವೆಯ ಎಲ್ಲ ಮಾರ್ಗಗಳಲ್ಲೂ ಆ ಕೆಲಸ ಮುಗಿಯಿತು. ಅಪಘಾತವಾದ ರೈಲಿನಿಂದಲೇ ರೇಡಿಯೊ ಮೂಲಕ ಸುತ್ತಲಿನ ರೈಲುಗಳಿಗೆ ಅಪಾಯದ ಸಂಕೇತ ಕೊಡುವ ಪದ್ಧತಿಯೂ ಬಂತು.

ರೈಲು ಹೋಯಿತು, ಲೆಕ್ಕ ಉಳಿಯಿತು

73 ಆಗಿ ಮರುಹುಟ್ಟು ಪಡೆದ ಬೋಗಿಗಳು ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಅಳತೆಯಲ್ಲಿ ಹೊಸ ಬೋಗಿಗಳನ್ನೂ ಕಟ್ಟಿದರು. ಕೊನೆಕೊನೆಗೆ ಕಟ್ಟಿದವುಗಳಲ್ಲಿ ಮರ ಪೂರ್ತಿ ಬಿಟ್ಟು ಲೋಹವನ್ನೇ ಬಳಸಿದರು. 1957ರಲ್ಲಿ ಬಂದ 101 ಮಾದರಿ ಎಲ್ಲ ವಿಷಯದಲ್ಲೂ ಹೊಸ ಕಾಲದ ರೈಲು. ಆದರೂ ಉದ್ದ 20 ಮೀಟರ್, ಬದಿಗೆ ನಾಲ್ಕು ಬಾಗಿಲು. ಬಾಗಿಲನ್ನು ಎರಡು ಕದ ಮಾಡಿ 1.3 ಮೀಟರಿಗೆ ಅಗಲಿಸಿದರು. ಅದರ ನಂತರದ 103, 201, 205, ಎಲ್ಲಕ್ಕೂ ಅದೇ ಲೆಕ್ಕ. ಟೋಕಿಯೊದ ಯಾಮಾನೊತೆ ಮಾರ್ಗದಲ್ಲಿ ಇವತ್ತು ಹತ್ತಿದರೂ ನೀವು ಹತ್ತುವುದು ಬದಿಗೆ ನಾಲ್ಕು ಬಾಗಿಲಿನ 20 ಮೀಟರ್ ಬೋಗಿಗೇ. ಯುದ್ಧದ ಇಲ್ಲಗಳ ನಡುವೆ ಯಾರೋ ಹಾಕಿದ ಗೆರೆ ಅದು.

ಹೊಸ ರೈಲು ಬಂದ ಹಾಗೆ 73ಗಳು ಊರ ಹೊರಗಿನ ಚಿಕ್ಕ ಮಾರ್ಗಗಳಿಗೆ ಸರಿದವು. ಕಾರ್ಖಾನೆಗಳ ನಡುವೆ ಓಡುವ ತ್ಸುರುಮಿ ಮಾರ್ಗದಲ್ಲಿ 1980ರ ಜನವರಿಯವರೆಗೆ ಇದ್ದವು. ಹಿರೋಶಿಮಾದ ಕಾಬೆ ಮಾರ್ಗದಲ್ಲಿ 1984ರವರೆಗೆ. ತೋಬು, ಓದಾಕ್ಯೂ ಕಂಪನಿಗಳಲ್ಲಿದ್ದ ಬೋಗಿಗಳಿಗೆ ಹೊಸ ಮೈ ಕೂರಿಸಿದ್ದರಿಂದ ಅವು ಕೂಡ 1980ರ ದಶಕದವರೆಗೆ ಬಾಳಿದವು. ಯುದ್ಧದ ಅವಸರದಲ್ಲಿ ಕಟ್ಟಿದ ಚೌಕಟ್ಟು ಇಷ್ಟು ವರ್ಷ ತಡೆದದ್ದು ನೋಡಿದರೆ ಮಾಡಿದವರ ಕೈಕೆಲಸಕ್ಕೆ ಮೆಚ್ಚಬೇಕು.

ಒಂದು ಬೋಗಿ ಉಳಿದಿದೆ. ಮೋಹಾ 63638. ಅದು 72 ಆಗಿ, ಆಮೇಲೆ ವರ್ಕ್‌ಶಾಪಿಗೆ ಬೇರೆ ಬೋಗಿಗಳನ್ನು ಎಳೆದು ತರುವ ಕೆಲಸದ ಬೋಗಿಯಾಗಿ, ಅದರಿಂದಾಗಿಯೇ ಗುಜರಿಗೆ ಹೋಗದೆ ಬಚಾವಾಯಿತು. ಮತ್ತೆ ಹಳೆಯ ರೂಪಕ್ಕೆ ತಂದು, 2011ರ ಮಾರ್ಚಿನಲ್ಲಿ ತೆರೆದ ನಗೋಯಾದ ರೈಲ್ವೆ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಸುತ್ತಲೂ ಬುಲೆಟ್ ರೈಲುಗಳು ಹೊಳೆಯುವ ಜಾಗದಲ್ಲಿ ಕಂದು ಬಣ್ಣದ ಈ ಚಪ್ಪಟೆ ಮೂತಿಯ ಬೋಗಿಯ ಮುಂದೆ ನಿಲ್ಲುವವರು ಕಡಿಮೆ. ನಗೋಯಾ ಕಡೆ ಹೋಗುವವರು ಇದ್ದರೆ ದಯವಿಟ್ಟು ಐದು ನಿಮಿಷ ನಿಲ್ಲಿ. ಮೂರು ಅಂಕಣದ ಕಿಟಕಿ ಅಲ್ಲಿ ಹತ್ತಿರದಿಂದ ಕಾಣುತ್ತದೆ.

ಸತ್ತವರ ನೆನಪಿಗೆ ತ್ಸುರುಮಿಯ ಸೋಜಿಜಿ ಮಠದಲ್ಲಿ ಕನ್ನೋನ್ ದೇವಿಯ ಮೂರ್ತಿ ಇದೆ. ಸಕುರಾಗಿಚೋ ಸ್ಟೇಷನ್ ಈಗ ಕೊನೆಯದಲ್ಲ. 1964ರಲ್ಲಿ ಹಳಿ ಮುಂದಕ್ಕೆ ಹೋಯಿತು, ರೈಲುಗಳು ಹಾದುಹೋಗುತ್ತವೆ.

ಆ ರೈಲುಗಳ ಬಾಗಿಲ ಹತ್ತಿರ ಒಂದು ಪುಟ್ಟ ಮುಚ್ಚಳ, ಅದರ ಮೇಲೆ ಒಂದು ಸೂಚನೆ ಇರುತ್ತದೆ. ಮೊದಲು, ಆಪತ್ತು ಬಂದರೆ ಮುಚ್ಚಳ ತೆಗೆದು ಹಿಡಿ ಎಳೆಯಿರಿ, ಬಾಗಿಲನ್ನು ಕೈಯಿಂದ ತೆರೆಯಬಹುದು ಅನ್ನುತ್ತದೆ. ಅದರ ಕೆಳಗೆ, ಹಳಿಗೆ ಇಳಿಯುವುದು ಅಪಾಯ, ತೀರಾ ಅನಿವಾರ್ಯವಲ್ಲದಿದ್ದರೆ ಹೊರಗೆ ಹೋಗದೆ ಸಿಬ್ಬಂದಿ ಹೇಳಿದಂತೆ ಮಾಡಿ ಅನ್ನುತ್ತದೆ. ಮೊದಲ ಮಾತು ಸಕುರಾಗಿಚೋದಿಂದ ಬಂದದ್ದು. ಎರಡನೆಯದು ಮಿಕಾವಾಶಿಮಾದಿಂದ.